ಸುದ್ದಿಯ ಹಸಿವೂ ಮನಸ್ಸಿನ ಸ್ವಾಸ್ಥ್ಯವೂ

(ಶ್ರೀಮಠದ ಮಹೋತ್ಸವದಲ್ಲಿ ಮಾಡಿದ ಉಪನ್ಯಾಸ)

 

ಇಂಥ ಮಂಗಳಸಮಾರಂಭಗಳಲ್ಲಿ ಷಟ್‌ಸ್ಥಲವನ್ನಾಗಲಿ ದಾಸೋಹವನ್ನಾಗಲಿ ಕುರಿತು ಮಾತನಾಡುವದು ವಾಡಿಕೆ. ಶ್ರೀಗಳವರು ನನಗೆ ಅಪ್ಪಣೆ ಕೊಡಿಸಿದ ವಿಷಯವಾದರೋ ಮೊಬೈಲಿನದು. ಕೇಳಿ ಮೊದಲು ನಗೆ ಬಂದಿತು, ಮರುಕ್ಷಣವೇ ನಾಚಿಕೆಯಾಯಿತು. ಏಕೆಂದರೆ 2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಬಾಗಿಲಿಕ್ಕಿಕೊಂಡು ಕುಳಿತಾಗ, ಶಿವಪೂಜೆಗೆ ಕೂಡ್ರುವ ಮೊದಲು ಎಡಗೈಯಲ್ಲಿ ಮೊಬೈಲು ಹಿಡಿದು ರೋಗದಿಂದ ಮಡಿದವರ ಲೆಕ್ಕವನ್ನು ನೋಡುವ ಅಭ್ಯಾಸವು ನನಗೆ ಅಂಟಿಕೊಂಡಿತ್ತು. ಇಷ್ಟಲಿಂಗಕ್ಕೆ ಪೀಠವಾಗತಕ್ಕ ಅಂಗೈಯೂ ಅದೇ. ಲಿಂಗದಲ್ಲಿ ದೃಷ್ಟಿಯಿಟ್ಟರೂ ಕಣ್ಣೆದುರಿಗೆ ಆ ಅಂಕಿಗಳೇ ಕುಣಿಯುತ್ತಿದ್ದವು. ರಾತ್ರಿಯ ನಿದ್ರೆಯೂ ದೂರವಾಯಿತು. ಕಳವಳ ಹುಟ್ಟಿಸುವ ಸುದ್ದಿಯನ್ನು ಕಡಿಮೆ ಮಾಡಿರಿ, ದಿನಕ್ಕೆ ಒಂದೆರಡು ಸಾರೆ ಗೊತ್ತಾದ ಹೊತ್ತಿನಲ್ಲಿಯೇ ವಿಷಯವನ್ನು ತಿಳಿದುಕೊಳ್ಳಿರಿ, ಎಂದು ವಿಶ್ವ ಆರೋಗ್ಯ ಸಂಸ್ಥೆಯವರು ಅದೇ ತಿಂಗಳಲ್ಲಿ ಸೂಚಿಸಿದ್ದರು. ನಾನು ಅದನ್ನು ಓದಿದ್ದೂ ಮೊಬೈಲಿನಲ್ಲಿಯೇ, ನಡುರಾತ್ರಿಯಲ್ಲಿ!

ಇದೆಲ್ಲವೂ ನಮ್ಮ ಚಿತ್ತಚಾಂಚಲ್ಯದ ದೋಷವೆಂದೇ ಹೇಳಲಾಗದು. ಪತ್ರಿಕೆಗೆ ಕೊನೆಯ ಪುಟವೊಂದುಂಟು. ಓದಿ ಮಡಿಚಿಟ್ಟರೆ ಮುಗಿಯಿತು. ಸಾಮಾಜಿಕ ಜಾಲತಾಣಗಳಿಗೆ ಕೊನೆಯೇ ಇಲ್ಲ. ಬೆರಳಿನಿಂದ ಸರಿಸಿದಷ್ಟೂ ಹೊಸದು ಬರುವ ಯುಕ್ತಿಯನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಎಂಬವರು ಮುಂದೆ ತಾವೇ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. ನಾವು ನೋಡುತ್ತ ಕುಳಿತಷ್ಟೂ ಜಾಹೀರಾತು ಮಾರುವ ವ್ಯಾಪಾರವಿದು. ಸಿಟ್ಟೂ ಭಯವೂ ಮನುಷ್ಯನ ಕಣ್ಣನ್ನು ಹಿಡಿದು ನಿಲ್ಲಿಸುವದರಿಂದ ಅವನ್ನು ಕೆರಳಿಸುವ ಸುದ್ದಿಗೇ ಅಲ್ಲಿ ಮುಂದಿನ ಸಾಲು.

ಕಳೆದುಹೋಗುವದು ನಿದ್ರೆಯೊಂದೇ ಆಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಶರಣರ ಕಲ್ಯಾಣವಿರುವ ಬೀದರ ಜಿಲ್ಲೆಯಲ್ಲಿಯೇ, 2018ರ ಜುಲೈಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ಪರವೂರ ತರುಣರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಸಾರಿದರು. ಅವರ ಕಾರಿಗಿಂತ ಮೊದಲು ಸುದ್ದಿಯು ಮುರ್ಕಿ ಗ್ರಾಮವನ್ನು ಮುಟ್ಟಿತು. ಜನರು ದಾರಿಗೆ ಅಡ್ಡಕಟ್ಟಿ, ಮೇಲೆ ಬಿದ್ದು, ಒಬ್ಬನನ್ನು ಕೊಂದರು. ಆ ಸುದ್ದಿಯನ್ನು ಮುಂದೆ ಕಳಿಸಿದವರಲ್ಲಿ ಎಷ್ಟೋ ಜನ ನಮ್ಮ ನಿಮ್ಮಂತೆ ಮಕ್ಕಳೊಂದಿಗರಿದ್ದಾರು, ಅಂಜಿಕೆಯಿಂದಲೇ ಕಳಿಸಿದ್ದಾರು. ಒಂದು ತಾಸು ತಡೆದಿದ್ದರೆ?

ಹಾಗಾದರೆ ಲೋಕಕ್ಕೆ ಕಣ್ಣು ಮುಚ್ಚಬೇಕೇ ಎಂದು ತರುಣರೊಬ್ಬರು ನನ್ನನ್ನು ಕೇಳಿದರು. ಕಾಯಕವನ್ನು ಬೋಧಿಸಿದ ಧರ್ಮದಲ್ಲಿ ಹುಟ್ಟಿ ಅದನ್ನು ಹೇಗೆ ಹೇಳಲಿ? ನಾನು ಮಾಡಿಕೊಂಡ ಏರ್ಪಾಡು ಸಣ್ಣದು. ಬೆಳಿಗ್ಗೆ ಪ್ರಸಾದವಾದ ಮೇಲೆ ಕಾಲು ತಾಸು, ಸಂಜೆ ದೀಪ ಹಚ್ಚುವ ಮೊದಲು ಕಾಲು ತಾಸು ಸುದ್ದಿಗೆಂದು ಇಟ್ಟಿರುವೆನು. ರಾತ್ರಿ ಮೊಬೈಲು ಪಡಸಾಲೆಯ ಮಾಡದಲ್ಲಿರುತ್ತದೆ. ಕರೆಯ ಗಂಟೆಯೊಂದನ್ನುಳಿದು ಮಿಕ್ಕ ಸಪ್ಪಳಗಳನ್ನು ನಿಲ್ಲಿಸಿರುವೆನು. ಮಗಳು ದೂರದ ಊರಿನಲ್ಲಿರುವಳು, ಕರೆ ಬಂದರೆ ಏಳಲೇಬೇಕು. ಎದೆ ಹಾರಿಸುವ ಸುದ್ದಿ ಬಂದರೆ ಮರುದಿನದ ಪತ್ರಿಕೆಯಲ್ಲಿ ಅದನ್ನು ಕಾಣುವತನಕ ಯಾರಿಗೂ ಕಳಿಸೆನು. ಮೊದಲ ವಾರವೆಲ್ಲ ಕೈ ತಾನಾಗಿಯೇ ಮಾಡದ ಕಡೆಗೆ ಹೋಗುತ್ತಿತ್ತು. ವಾಟ್ಸಾಪಿನ ಐದು ಬಳಗಗಳಲ್ಲಿ ಮೂರನ್ನು ಬಿಟ್ಟೆನು. ಅದರಿಂದ ಸಂಬಂಧಿಕರೊಬ್ಬರು ಮುನಿಸಿಕೊಂಡಿದ್ದಾರೆ. ಅವರು ಈ ಸಭೆಯಲ್ಲಿಯೇ ಕುಳಿತಿರುವರು; ಪ್ರಸಾದದ ಪಂಕ್ತಿಯಲ್ಲಿ ಅವರ ಮಗ್ಗುಲಿಗೇ ಕೂಡ್ರಬೇಕೆಂದು ಮಾಡಿರುವೆನು.