ಚೀಟಿಯಲ್ಲಿ ಕಸುಬನ್ನೂ ಬರೀರಿ

(ಪೌರಕಾರ್ಮಿಕರ ಕಾಲೋನಿಯಲ್ಲಿ ಅಂಬೇಡ್ಕರ್ ಜಯಂತಿಯ ದಿನ ಮಾಡಿದ ಭಾಷಣ. ಆಡಿದ ಮಾತಿನಲ್ಲೇ ಬರೆದುಕೊಡಲಾಗಿದೆ.)



ನಾನು ಭಾಷಣಕಾರ ಅಲ್ಲ. ಇಪ್ಪತ್ತೆರಡು ವರ್ಷ ಪೊರಕೆ ಹಿಡಿದವನು. ನಮ್ಮಪ್ಪನೂ ಅದೇ ಪೊರಕೆ ಹಿಡಿದು ಸತ್ತವನು. ಜಯಂತಿ ದಿನ ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕಿ ಮನೆಗೆ ಹೋದರೆ ಸಾಲದು. ನಮ್ಮ ಮೈಯ ಲೆಕ್ಕವನ್ನೂ ಒಂದು ಸಲ ನೋಡೋಣ ಅಂತ ಈ ವಿಷಯ ಆರಿಸಿಕೊಂಡೆ.

1998ರ ಮಳೆಗಾಲ. ಸಂತೆಬೀದಿಯ ಚರಂಡಿ ಕಟ್ಟಿಕೊಂಡು ಅಂಗಡಿಗಳಿಗೆ ನೀರು ನುಗ್ಗಿತ್ತು. ಅಪ್ಪನನ್ನು ಇಳಿಸಿದರು. ಎದೆಮಟ್ಟ ಕೊಳಚೆ. ಅಂಗಾಲು ಒಡೆದು ಬಾಯಿ ಬಿಟ್ಟಿತ್ತು, ಕೈಯಲ್ಲಿ ಗಾಜು ಕುಯ್ದ ಗಾಯ. ಹತ್ತನೇ ದಿನಕ್ಕೆ ಜ್ವರ ಬಂತು. ಮೀನಖಂಡ ಮುಟ್ಟಿದರೆ ಕಿರುಚೋನು. ಕಣ್ಣು ಕೆಂಡದಂಗೆ ಕೆಂಪು. ಆಮೇಲೆ ಮೈಯೆಲ್ಲಾ ಅರಿಶಿನ. ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಡಾಕ್ಟರು ದೂರದಲ್ಲೇ ನಿಂತು ಕೇಳಿದ್ದು ಒಂದೇ ಮಾತು: ‘ಕುಡೀತಾನಾ?’ ಅವ್ವ ಸುಳ್ಳು ಹೇಳೋಳಲ್ಲ. ‘ಹೂಂ ಬುದ್ಧಿ, ಗುಂಡಿಗೆ ಇಳಿಯೋ ದಿನ ಕುಡೀತಾನೆ’ ಅಂದಳು. ಅವಳ ಮಾತಿನಲ್ಲಿ ಗುಂಡಿಯೂ ಇತ್ತು, ಕುಡಿತವೂ ಇತ್ತು. ಚೀಟಿಗೆ ಇಳಿದದ್ದು ಕುಡಿತ ಒಂದೇ.

ಐದನೇ ದಿನ ಅಪ್ಪ ತೀರಿಕೊಂಡ. ಪರಿಹಾರ ಕೇಳೋಕೆ ಹೋದ ಅವ್ವನಿಗೆ ಆಫೀಸಿನವರು ಆ ಚೀಟಿ ತೋರಿಸಿ, ‘ಕುಡಿದು ಸತ್ತವನಿಗೆ ಎಂಥ ಪರಿಹಾರ, ಮೊದಲೇ ಬಿಡಿಸಬೇಕಿತ್ತು’ ಅಂದರು. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ವಾಪಸ್ಸು ಬಂದಳು.

ಎಷ್ಟೋ ವರ್ಷದ ಮೇಲೆ ಒಬ್ಬ ಒಳ್ಳೆ ಡಾಕ್ಟರು ನನಗೆ ತಿಳಿಸಿ ಹೇಳಿದರು. ಇಲಿ ಜ್ವರ ಅಂತ ಒಂದಿದೆ. ಇಂಗ್ಲಿಷಿನಲ್ಲಿ ಲೆಪ್ಟೋಸ್ಪೈರೋಸಿಸ್. ಇಲಿ ಹೆಗ್ಗಣಗಳ ಉಚ್ಚೆ ಬೆರೆತ ನೀರು ಗಾಯದಿಂದ, ಒಡೆದ ಚರ್ಮದಿಂದ ಮೈಗೆ ಇಳಿಯುತ್ತೆ. ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು. ಜಾಸ್ತಿಯಾದರೆ ಕಾಮಾಲೆ, ಮೂತ್ರಪಿಂಡವೂ ಕೈಕೊಡುತ್ತೆ. ಬೇಗ ಗುರುತು ಹಿಡಿದರೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥ ಮಾಮೂಲಿ ಔಷಧಿಗೇ ವಾಸಿಯಾಗುತ್ತೆ. ಅಪ್ಪನಿಗೆ ಅದೇ ಇತ್ತು ಅಂತ ನಾನು ಆಣೆ ಮಾಡಲಾರೆ. ಪರೀಕ್ಷೆಯನ್ನೇ ಮಾಡಲಿಲ್ಲವಲ್ಲ! ‘ಏನು ಕೆಲಸ ಮಾಡ್ತಾನೆ?’ ಅಂತ ಒಂದು ಮಾತು ಕೇಳಿದ್ದರೆ ಪರೀಕ್ಷೆ ಮಾಡಬೇಕು ಅಂತ ಹೊಳೀತಿತ್ತು. ಆ ಒಂದು ಪ್ರಶ್ನೆ ಕೇಳದೆ ನಮ್ಮಪ್ಪ ಸತ್ತ.

ಬಂಧುಗಳೇ, ಆ ಪ್ರಶ್ನೆ ನಾನು ಹೊಸದಾಗಿ ಹುಟ್ಟಿಸಿದ್ದಲ್ಲ. ಮುನ್ನೂರು ವರ್ಷದ ಹಿಂದೆ ಇಟಲಿ ದೇಶದ ಮೊಡೆನಾ ಅನ್ನೋ ಊರಲ್ಲಿ ರಮಾಜಿನಿ ಅಂತ ಒಬ್ಬ ವೈದ್ಯ ಇದ್ದ. ಅವನ ಮನೆಯ ಕಕ್ಕಸುಗುಂಡಿ ಬಾಚೋಕೆ ಒಬ್ಬ ಕೂಲಿಯವನು ಬಂದಿದ್ದ. ಅವನು ಮೈಮೇಲೆ ದೆವ್ವ ಬಂದಂಗೆ ಗಡಿಬಿಡಿಯಲ್ಲಿ ಕೆಲಸ ಮಾಡ್ತಿದ್ದ. ಯಾಕಪ್ಪಾ ಇಷ್ಟು ಆತುರ, ನಿಧಾನ ಮಾಡಬಾರದಾ ಅಂತ ವೈದ್ಯ ವಿಚಾರಿಸಿದ. ಇದರೊಳಗೆ ನಾಲ್ಕು ಗಂಟೆಗಿಂತ ಹೆಚ್ಚು ನಿಂತರೆ ಕಣ್ಣೇ ಹೋಗುತ್ತೆ ಅಂತ ಅವನು ಹೇಳಿದ. ಮೇಲೆ ಬಂದಾಗ ವೈದ್ಯ ನೋಡಿದ, ಕಣ್ಣು ಕೆಂಪಾಗಿ ಮಂಜಾಗಿತ್ತು. ಆಮೇಲೆ ಆ ಊರಿನ ಭಿಕ್ಷುಕರನ್ನು ನೋಡಿದರೆ, ಇದೇ ಕೆಲಸ ಮಾಡಿ ಕಣ್ಣು ಕಳಕೊಂಡವರು ಅವರಲ್ಲೂ ಇದ್ದರು. ಅಲ್ಲಿಂದ ಆ ವೈದ್ಯ ಒಂದೊಂದೇ ಕಸುಬಿನವರ ಹತ್ತಿರ ಹೋಗಿ ಅವರವರ ಕಾಯಿಲೆ ಕೇಳುತ್ತಾ ಹೋದ. 1700ರಲ್ಲಿ ದೊಡ್ಡ ಪುಸ್ತಕ ಬರೆದ. ರೋಗಿ ಮುಂದೆ ಕೂತ ವೈದ್ಯ ಹಳೆಯ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬು ಏನು’ ಅಂತಲೂ ಕೇಳಲೇಬೇಕು ಅಂತ ಅದರಲ್ಲಿ ಹೇಳಿದ. ಕಸುಬಿನ ಕಾಯಿಲೆಗಳ ವೈದ್ಯಶಾಸ್ತ್ರಕ್ಕೆ ಅವನನ್ನೇ ತಂದೆ ಅಂತಾರೆ. ನೋಡಿ, ಆ ಶಾಸ್ತ್ರ ಶುರುವಾದದ್ದೇ ಕಕ್ಕಸುಗುಂಡಿಯವನ ಮಾತಿನಿಂದ. ಅದನ್ನು ಓದಿಕೊಂಡು ಬಂದವರು ನಮ್ಮನ್ನು ಮಾತ್ರ ಆ ಪ್ರಶ್ನೆ ಕೇಳಲ್ಲ. ಯಾಕೆ? ಇವನು ಇದಕ್ಕೇ ಹುಟ್ಟಿದವನು, ಇವನಿಗೆ ಏನಾಗುತ್ತೆ ಅನ್ನೋ ಮನುಧರ್ಮ ಬಿಳಿ ಕೋಟಿನ ಒಳಗೂ ಕೂತಿದೆ.

ಕುಡಿತದ ಮಾತು ಮುಚ್ಚಿಡಲ್ಲ. ನಮ್ಮ ಕೇರಿಯಲ್ಲಿ ಕುಡಿತ ಇದೆ. ಹೆಂಡದಂಗಡಿ ನಮ್ಮ ಸಂಬಳ ತಿಂದಿದೆ, ಹೆಂಗಸರ ಮೈ ಮೇಲೆ ಬಾಸುಂಡೆ ಎಬ್ಬಿಸಿದೆ. ಬಿಡಲೇಬೇಕು. ಆದರೆ ಕುಡಿಯದೆ ಮೂಗು ಬಿಟ್ಟುಕೊಂಡು ಆ ಗುಂಡಿಗೆ ಇಳಿಯೋಕೆ ಆಗುತ್ತಾ ಅಂತ ಬೈಯೋರು ಒಂದು ಸಲ ಹೇಳಲಿ. ಕುಡಿತ ಬಿಡಿಸೋ ಮೊದಲು ಗುಂಡಿ ಬಿಡಿಸಿ.

ಗುಂಡಿಯ ಗಾಳಿ ಎಂಥದ್ದು ಅಂತ ತಿಳಕೊಳ್ಳಿ. ಕೊಳೆತ ಮೊಟ್ಟೆಯ ವಾಸನೆ ಬರುತ್ತಲ್ಲ, ಅದು ಹೈಡ್ರೋಜನ್ ಸಲ್ಫೈಡ್. ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತೆ. ಜಾಸ್ತಿಯಾದಾಗ ಅದು ಮೂಗನ್ನೇ ಸಾಯಿಸುತ್ತೆ, ವಾಸನೆ ಗೊತ್ತಾಗಲ್ಲ. ‘ವಾಸನೆ ಹೋಯ್ತು, ಇಳಿ’ ಅಂತ ಮೇಸ್ತ್ರಿ ಹೇಳೋ ಹೊತ್ತೇ ಸಾವಿನ ಹೊತ್ತು. ಒಬ್ಬ ಬಿದ್ದ ಅಂತ ಅಣ್ಣ ಇಳೀತಾನೆ, ಅಣ್ಣ ಬಿದ್ದ ಅಂತ ಭಾವ ಇಳೀತಾನೆ. ಒಂದೇ ಗುಂಡಿಯಲ್ಲಿ ಎರಡು ಮೂರು ಹೆಣ ಬೀಳೋದು ಹಿಂಗೆ. ಸಂಬಂಧಿ ಬಿದ್ದರೂ ಬರಿಗೈಲಿ ಇಳೀಬೇಡಿ. ಇದು ಕಲ್ಲುಮನಸ್ಸಿನ ಮಾತಲ್ಲ, ಉಳಿಯೋ ಮಾತು.

ಹೆಂಗಸರ ಕಷ್ಟ ಹೇಳೋರೇ ಇಲ್ಲ. ನಸುಕಿನಲ್ಲಿ ಹಾಜರಿ ಕೊಟ್ಟು ಮಧ್ಯಾಹ್ನದವರೆಗೂ ಬೀದಿಯಲ್ಲಿ. ಊರಿನವರ ಕಕ್ಕಸು ತೊಳೆಯೋ ಅಕ್ಕನಿಗೆ ಒಂದಕ್ಕೆ ಹೋಗೋಕೆ ಜಾಗ ಇಲ್ಲ. ಅದಕ್ಕೇ ನೀರೇ ಕುಡಿಯಲ್ಲ. ಉಚ್ಚೆ ಉರಿ ಬರುತ್ತೆ, ಕಲ್ಲಾಗುತ್ತೆ. ಬಗ್ಗಿ ಬಗ್ಗಿ ಸೊಂಟ ಹೋಗುತ್ತೆ, ಧೂಳು ಕುಡಿದು ಎದೆ ಹೋಗುತ್ತೆ. ಇದಕ್ಕೆ ಆಸ್ಪತ್ರೆಯಲ್ಲಿ ‘ವಯಸ್ಸಾಯ್ತಲ್ಲಮ್ಮಾ’ ಅಂತಾರೆ. ಮೂವತ್ತೆಂಟಕ್ಕೆ ಯಾವ ವಯಸ್ಸು?

ಇನ್ನು ಕಾನೂನು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆ ಮೇಲಿನ ಮಲದ ಬುಟ್ಟಿ ಇಳಿಸಿದ್ದು 1970ರ ದಶಕದಲ್ಲಿ. ಮಲ ಹೊರಿಸಬಾರದು ಅಂತ ಕಾಯ್ದೆ ಬಂದದ್ದು 1993ರಲ್ಲಿ. 2013ರ ಕಾಯ್ದೆಯ 7ನೇ ಕಲಮಿನ ಪ್ರಕಾರ ರಕ್ಷಣೆಯಿಲ್ಲದೆ ಯಾರನ್ನೂ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವಂತಿಲ್ಲ. ಇಳಿಸಿದರೆ ಮೊದಲ ತಪ್ಪಿಗೇ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಗುಂಡಿಯಲ್ಲಿ ಸತ್ತರೆ 10 ಲಕ್ಷ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. ಜೀವನಪೂರ್ತಿ ಅಂಗವಿಕಲನಾದರೆ 20 ಲಕ್ಷಕ್ಕೆ ಕಡಿಮೆಯಿಲ್ಲದೆ ಕೊಡಬೇಕು.

ಸರಿ. ಗುಂಡಿಯೊಳಗೆ ಸತ್ತವನ ಹೆಣ ಎಲ್ಲರಿಗೂ ಕಾಣುತ್ತೆ. ಗುಂಡಿಯಿಂದ ಎದ್ದು ಬಂದು ಹದಿನೈದು ದಿನದ ಮೇಲೆ ಚಾಪೆ ಮೇಲೆ ಸತ್ತವನದು? ಹತ್ತು ವರ್ಷ ಕೆಮ್ಮಿ ಸತ್ತವನದು? ಅವನು ಯಾವ ಲೆಕ್ಕಕ್ಕೂ ಇಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲೇ ಕಸುಬಿನ ಕಾಯಿಲೆಗಳ ಪಟ್ಟಿ ಇತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಸೋಂಕು ತಗಲುವ ಅಪಾಯ ಹೆಚ್ಚಿರುವ ಕೆಲಸದಿಂದ ಬಂದ ಸೋಂಕುರೋಗವೂ ಅದರೊಳಗೆ ಸೇರಿದೆ. ಆದರೆ ಕೆಲಸದಿಂದಲೇ ಬಂತು ಅಂತ ತೋರಿಸೋಕೆ ಕಾಗದ ಬೇಕು. ನಮ್ಮ ಕೈಲಿರೋ ಕಾಗದದಲ್ಲಿ ‘ಕುಡಿತ’ ಅಂತ ಮಾತ್ರ ಬರೆದಿದೆ.

ಅದಕ್ಕೇ ನಾನು ಕೇಳೋದು ದೊಡ್ಡದೇನಲ್ಲ. ಆಸ್ಪತ್ರೆಗೆ ಹೋದಾಗ ಡಾಕ್ಟರು ಕೇಳಲಿ ಬಿಡಲಿ, ಮೊದಲು ಕಸುಬು ಹೇಳಿ. ‘ಸಾರ್, ನಾನು ಪೌರಕಾರ್ಮಿಕ. ಇಂಥಾ ದಿನ ಚರಂಡಿಗೆ ಇಳಿದಿದ್ದೆ. ಚೀಟೀಲಿ ಅದನ್ನೂ ಬರೀರಿ’ ಅನ್ನಿ. ನಾಚಿಕೆ ಪಡಬೇಡಿ, ನಾಚಿಕೆ ಇಳಿಸಿದವರಿಗೆ ಇರಲಿ. ಬರೆಯಲ್ಲ ಅಂದರೆ ನಾಲ್ಕು ಜನ ಹೋಗಿ ನಿಂತು ಕೇಳಿ. ನಮ್ಮ ಸಂಘದಲ್ಲಿ ಇವತ್ತಿನಿಂದ ಒಂದು ಪುಸ್ತಕ ಇಡೋಣ: ಯಾರು, ಯಾವತ್ತು, ಎಲ್ಲಿ ಇಳಿದರು, ಇಳಿ ಅಂದವರು ಯಾರು, ಯಾವತ್ತು ಜ್ವರ ಬಂತು. ಓದು ಬರಹ ಕಲಿತ ನಮ್ಮ ಮಕ್ಕಳು ಬರೆಯಲಿ. 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡ ಬಾಬಾಸಾಹೇಬರು ದುಡಿಯುವವರ ಸಂಕಟವನ್ನು ಕಾಗದಕ್ಕೆ ತಂದು ಕಾಯ್ದೆ ಮಾಡಿಸಿದರು. ಕಾರ್ಖಾನೆಯ ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿದದ್ದು 1946ರ ಕಾಯ್ದೆಯಿಂದ.

ಪುಸ್ತಕದ ಮೊದಲನೇ ಹೆಸರು ನಮ್ಮಪ್ಪಂದು ಬರೆಸ್ತೀನಿ. ಪರಿಹಾರ ಬರಲ್ಲ, ಗೊತ್ತು. ಅವ್ವ ಇನ್ನೂ ಬದುಕಿದ್ದಾಳೆ, ಅಲ್ಲಿ ಮುಂದೆ ಕೂತಿದ್ದಾಳೆ. ಅವಳು ಅವತ್ತು ಹೇಳಿದ ಮಾತು ಪೂರ್ತಿಯಾಗಿ ಒಂದು ಕಡೆಯಾದರೂ ಬರೆದಿರಲಿ.

ಜೈ ಭೀಮ್.