ಗೋಡೆಯಾಚೆಯ ಹೆಸರು



ವಿಡಿಯೋ ಗೇಮ್ ಕಾರ್ಟ್ರಿಜ್‌ಗಳ ಚರಿತ್ರೆಯನ್ನು ಎರಡೇ ಮಾತಲ್ಲಿ ಮುಗಿಸುತ್ತೇನೆ. 1976ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಕಂಪನಿ ‘ಚಾನೆಲ್ ಎಫ್’ ಯಂತ್ರ ತಂದಿತು; ಕಾರ್ಟ್ರಿಜ್ ಬದಲಿಸಿದರೆ ಆಟವೇ ಬದಲಾಗುತ್ತಿತ್ತು. ಮರುವರ್ಷ ಬಂದ ಅಟಾರಿ ಯಂತ್ರ ಮನೆಮಾತಾಯಿತು. ಇವತ್ತು ನಾನು ಎತ್ತಿಕೊಂಡಿರುವುದು ಆ ಆಟಗಳನ್ನು ಬರೆದವರ ಹೆಸರಿನ ತಕರಾರನ್ನು.

ಅಟಾರಿಯಲ್ಲಿ ಸಾಮಾನ್ಯವಾಗಿ ಒಂದು ಆಟಕ್ಕೆ ಒಬ್ಬರೇ ಕರ್ತೃ. ಕಲ್ಪನೆ, ಚಿತ್ರ, ಸದ್ದು, ಪ್ರೋಗ್ರಾಂ ಎಲ್ಲವೂ ಅವರದೇ. ಯಂತ್ರದ ಕೆಲಸದ ಮೆಮೊರಿ ಬರೀ 128 ಬೈಟ್. ಉದ್ದನೆಯ ಒಂದು ಕನ್ನಡ ವಾಕ್ಯವೂ ಅದರಲ್ಲಿ ಹಿಡಿಸದು. ಅಷ್ಟರಲ್ಲೇ ಆಟ ಕಟ್ಟಿದವರ ಹೆಸರನ್ನು ಕಂಪನಿ ಎಲ್ಲಿಯೂ ಹಾಕಲಿಲ್ಲ. 1979ರಲ್ಲಿ ಡೇವಿಡ್ ಕ್ರೇನ್ ಮೊದಲಾದವರು ಹೊರನಡೆದು ‘ಆಕ್ಟಿವಿಷನ್’ ಕಟ್ಟಿ, ಬರೆದವರ ಹೆಸರನ್ನು ರಾಜಾರೋಷವಾಗಿ ಅಚ್ಚು ಹಾಕಿಸಿದರು. ಅಟಾರಿಯಲ್ಲೇ ಆಟ ಬರೆಯುತ್ತಿದ್ದ ವಾರನ್ ರಾಬಿನೆಟ್ ಹಿಡಿದದ್ದು ಬೇರೆ ದಾರಿ.

ಅವರ ‘ಅಡ್ವೆಂಚರ್’ 4 ಕಿಲೋಬೈಟ್‌ನ ಆಟ. ಕಪ್ಪು ಕೋಟೆಯೊಳಗೆ ಸೇತುವೆ ಇಟ್ಟುಕೊಂಡು ಮುಚ್ಚಿದ ಕೋಣೆಗೆ ಹೋದರೆ ಒಂದು ಚುಕ್ಕೆ ಸಿಗುತ್ತದೆ. ಒಂದೇ ಪಿಕ್ಸೆಲ್, ಹಿನ್ನೆಲೆಯದೇ ಬೂದು ಬಣ್ಣ. ಕಣ್ಣಿಗೆ ಬೀಳುವುದೇ ಕಷ್ಟ. ಅದನ್ನು ಹೊತ್ತು ತಂದು ಇನ್ನೊಂದು ಕೋಣೆಯಲ್ಲಿ ಬೇರೆ ವಸ್ತುಗಳ ಜೊತೆಗಿಟ್ಟರೆ ಗೋಡೆ ಮಿನುಗಿ ದಾರಿ ಬಿಡುತ್ತದೆ. ಆಚೆ, ಮೇಲಿಂದ ಕೆಳಕ್ಕೆ, ಬಣ್ಣ ಬಣ್ಣದ ಅಕ್ಷರಗಳಲ್ಲಿ ಕರ್ತೃವಿನ ಹೆಸರು! ಸಾಲ್ಟ್ ಲೇಕ್ ಸಿಟಿಯ ಹುಡುಗನೊಬ್ಬ ಇದನ್ನು ಪತ್ತೆಹಚ್ಚಿ ಕಂಪನಿಗೆ ಕಾಗದ ಬರೆಯುವ ಹೊತ್ತಿಗೆ ರಾಬಿನೆಟ್ ಕೆಲಸ ಬಿಟ್ಟಾಗಿತ್ತು. ಅಳಿಸಬೇಕಾದರೆ ಕಾರ್ಟ್ರಿಜ್ ಚಿಪ್‌ನ ಅಚ್ಚನ್ನೇ ಹೊಸದಾಗಿ ಮಾಡಿಸಬೇಕು. ಖರ್ಚು ನೋಡಿ ಕಂಪನಿ ಸುಮ್ಮನಾಯಿತು.

ಕರ್ತೃವಿನ ಹೆಸರೆಂದರೆ ನನಗೆ ನೆನಪಾಗುವುದು ಇನ್ನೊಂದು: ನಮ್ಮ ಇತಿಹಾಸದ ಮೇಷ್ಟ್ರು ಬೇಲೂರಿಗೆ ಕರೆದೊಯ್ದಾಗ ಮದನಿಕೆಯ ಮುಖಕ್ಕಿಂತ ಮೊದಲು ಬುಡದ ಅಕ್ಷರ ತೋರಿಸಿದ್ದರು. ಬಳ್ಳಿಗಾವೆಯ ಶಿಲ್ಪಿ ದಾಸೋಜನ ಹೆಸರು. “ರಾಜನ ಶಾಸನ ಯಾರು ಬೇಕಾದರೂ ಓದ್ತಾರೆ, ನೀವು ಇದನ್ನ ಓದ್ರಯ್ಯಾ” ಅಂದಿದ್ದರು. ದಾಸೋಜ ಎಲ್ಲರೆದುರು ಕೊರೆದದ್ದನ್ನು ರಾಬಿನೆಟ್ ಕದ್ದು ಕೊರೆಯಬೇಕಾಯಿತು.

ರಾಬಿನೆಟ್ ಅವರದೇ ಆಟಗಳಲ್ಲಿನ ಮೊದಲ ಗುಪ್ತ ಸಹಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 1978ರಲ್ಲೇ ಚಾನೆಲ್ ಎಫ್‌ನ ‘ವಿಡಿಯೋ ವಿಜ್‌ಬಾಲ್’ ಆಟದಲ್ಲಿ ಬ್ರಾಡ್ಲಿ ರೀಡ್-ಸೆಲ್ತ್ ತಮ್ಮ ಹೆಸರನ್ನು ಅಡಗಿಸಿದ್ದರು. ಅದು ಬೆಳಕಿಗೆ ಬಂದದ್ದು 2004ರಲ್ಲಿ. ಎರಡು ಕಂಪನಿಗಳಲ್ಲೂ ಬರೆದವರಿಗೆ ಇದೇ ಗತಿ ಬಂತಲ್ಲ ಎಂಬುದೇ ನನ್ನ ಸಂಕಟ.

ಆದರೂ ಕೇಳಿಕೊಳ್ಳುತ್ತೇನೆ: ಒಂದೊಂದು ಬೈಟಿಗೂ ಪರದಾಡುವಲ್ಲಿ ಹೆಸರಿಗೆ ಕೊಟ್ಟ ಜಾಗ ಆಡುವ ಮಗುವಿನದಲ್ಲವೇ? ಅಥವಾ ಆ ಕೋಣೆಯನ್ನು ಹುಡುಕುವುದೇ ಮಗುವಿಗೆ ಇನ್ನೊಂದು ಆಟವಾಯಿತೇ? ನನಗಿನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ಸಭೆಯಲ್ಲಿ ಪ್ರೋಗ್ರಾಂ ಬರೆಯುವವರು ಇದ್ದೀರಿ. ನಿಮ್ಮ ಕೆಲಸದಲ್ಲಿ ನಿಮ್ಮ ಹೆಸರು ಎಲ್ಲಿದೆ, ಇರಬೇಕೇ ಎಂದು ಚರ್ಚೆಯಲ್ಲಿ ದಯವಿಟ್ಟು ಹೇಳಿ.