ಅಂಕ ಕಡಿಮೆ ಬಂದರೆ ಮಗು ದಡ್ಡ ಅಲ್ಲ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಂದ ಬಂದಿರುವ ನಿಮ್ಮಲ್ಲಿ ಅನೇಕರ ಮಕ್ಕಳು ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಸೇರುತ್ತಾರೆ. ಸೇರಿದ ಕೂಡಲೇ ಸೇತುಬಂಧದ ಪೂರ್ವ ಪರೀಕ್ಷೆ ಇರುತ್ತದೆ. ಅದರಲ್ಲಿ ಅಂಕ ಕಡಿಮೆ ಬಂದರೆ ಮನೆಯಲ್ಲಿ ಏನಾಗುತ್ತದೆ? ಗಂಡು ಹುಡುಗನಾದರೆ ಟ್ಯೂಷನ್ನು. ಹೆಣ್ಣಾದರೆ, "ಇವಳ ತಲೆಗೆ ಓದು ಹತ್ತಲ್ಲ, ಬಿಡಿಸಿಬಿಡಿ" ಅಂತಾರೆ. ಒಂದು ಪರೀಕ್ಷೆಯಿಂದ ಅವಳ ಓದೇ ನಿಂತುಹೋಗಬಹುದು.

ಸೇತುಬಂಧ ಇರುವುದು ಪಾಸು-ಫೇಲು ಮಾಡುವುದಕ್ಕಲ್ಲ. ಹಿಂದಿನ ಪಾಠದಲ್ಲಿ ಮಗು ಎಲ್ಲಿ ಹಿಂದಿದೆ ಎಂದು ತಿಳಿದು, ಅದನ್ನು ಕಲಿಸಿ, ಮತ್ತೆ ಪರೀಕ್ಷೆ ಮಾಡುವುದಕ್ಕೆ.

ಬುದ್ಧಿ ಅಳೆಯುವ ಪರೀಕ್ಷೆ ಬೇರೆ. ಅದು ಹುಟ್ಟಿದ್ದೂ ಸಹಾಯಕ್ಕಾಗಿಯೇ. ಫ್ರಾನ್ಸಿನ ಬಿನೆ ಮತ್ತು ಸಿಮೋನ್ 1905ರಲ್ಲಿ ಅದನ್ನು ರಚಿಸಿದ್ದು, ಯಾವ ಮಗುವಿಗೆ ವಿಶೇಷ ನೆರವು ಬೇಕೆಂದು ಗುರುತಿಸಲು. ಸ್ವಾತಂತ್ರ್ಯಕ್ಕೂ ಮೊದಲೇ ವಿ. ವಿ. ಕಾಮತ್ ಅವರು ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿದರು. ಗೊತ್ತಿಲ್ಲದ ರೀತಿಯ ಪ್ರಶ್ನೆ ಕೇಳಿದರೆ ಜಾಣ ಮಗುವೂ ತಡವರಿಸುತ್ತದೆ, ಅಲ್ಲವೇ?

ಎಂಟನೇ ತರಗತಿಯ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲೂ ಇದೇ ಮಾತು. 2008ರಲ್ಲಿ ಆರಂಭವಾದ ಈ ಯೋಜನೆ ಸರ್ಕಾರಿ, ಅನುದಾನಿತ ಶಾಲೆಗಳ ಬಡ ಮಕ್ಕಳಿಗಾಗಿ. ಆಯ್ಕೆಯಾದವರಿಗೆ ಒಂಬತ್ತನೇ ತರಗತಿಯಿಂದ ವರ್ಷಕ್ಕೆ ರೂ. 12,000 ವಿದ್ಯಾರ್ಥಿವೇತನ. ಅದರ ಬೌದ್ಧಿಕ ಸಾಮರ್ಥ್ಯ ಪತ್ರಿಕೆಯಲ್ಲಿ 90 ಪ್ರಶ್ನೆ, 90 ನಿಮಿಷ. ಸಂಖ್ಯೆಗಳ ಸಾಲಿನಲ್ಲಿ ಮುಂದಿನದು ಯಾವುದು, ಚಿತ್ರಗಳ ಗುಂಪಿಗೆ ಸೇರದ್ದು ಯಾವುದು, ಹೀಗೆ ಕೇಳುತ್ತಾರೆ. ಚುಕ್ಕಿ ಎಣಿಸಿ ರಂಗೋಲಿ ಎಳೆಯುವ ಹುಡುಗಿಗೆ ಇದೇನು ಅಸಾಧ್ಯವಲ್ಲ ಕಣ್ರಮ್ಮ. ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಅಭ್ಯಾಸ ಮಾಡಿಸಬೇಕು, ಅಷ್ಟೇ.

ಆದ್ದರಿಂದ ನಾವು ಹೀಗೆ ಮಾಡೋಣ. ಶಾಲೆಗೆ ಹೋಗಿ, "ನಮ್ಮ ಮಗು ಯಾವುದರಲ್ಲಿ ಹಿಂದಿದೆ, ನೀವೇನು ಕಲಿಸುತ್ತೀರಿ?" ಎಂದು ಕೇಳೋಣ. ಬೋರ್ಡು ಕಾಣುತ್ತದೆಯೇ, ಕಿವಿ ಕೇಳಿಸುತ್ತದೆಯೇ ಎಂದು ತಪಾಸಣೆ ಮಾಡಿಸೋಣ. ಎನ್.ಎಂ.ಎಂ.ಎಸ್.ಗೆ ಆದಾಯ ಪ್ರಮಾಣಪತ್ರ ಬೇಕಾಗುತ್ತದೆ, ಮೊದಲೇ ಮಾಡಿಸಿಡಿ. ಅರ್ಜಿಯ ಕೊನೇ ದಿನಾಂಕವನ್ನು ಮುಖ್ಯೋಪಾಧ್ಯಾಯರಲ್ಲಿ ವಿಚಾರಿಸಿ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ, ನಿಮ್ಮ ಸಂಘದಲ್ಲಿ ಎಂಟನೇ ತರಗತಿಯ ಮಕ್ಕಳು ಎಷ್ಟಿದ್ದಾರೆಂದು ಬರೆದುಕೊಳ್ಳಿ. ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ.